ಕನ್ನಡಿಗೆಂದು ಕೊಂಡ ಕಾರ್ಡು

ಕಂಪ್ಯೂಟರ್ ಕಟ್ಟಿಸುವವರು ಹೊರಗಿನ ಡಬ್ಬವನ್ನು ಕೊನೆಗೆ ಕೊಳ್ಳುತ್ತಾರಂತೆ. ನಾವು ಅದನ್ನೇ ಮೊದಲು ಕೊಂಡೆವು.

ನನ್ನ ಯಜಮಾನರು ತೀರ್ಥಹಳ್ಳಿಯಿಂದ ಕೋಣಂದೂರು, ಹೊಸನಗರದ ಮೇಲೆ ಸಾಗರಕ್ಕೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿ, ಕೋಣಂದೂರಿನ ಶಾಲೆಗೆ ಇಂಗ್ಲಿಷ್ ಮಿಸ್ಸಾಗಿ ಬಂದವಳು. ಸಂಜೆಯ ಬಸ್ಸಿಗೆ ಯಾವಾಗಲೂ ಲೇಟು. ನೆರಿಗೆ ಹಿಡಿದುಕೊಂಡು ನಾನು ಓಡಿಬರುವುದನ್ನು ಅವರು ಸೈಡ್ ಮಿರರ್‌ನಲ್ಲಿ ನೋಡಿ ಗಾಡಿ ಹಿಡಿದು ನಿಲ್ಲಿಸುತ್ತಿದ್ದರು. ಮದುವೆಯಾದ ಮೇಲೆ ಒಮ್ಮೆ, "ನಿನ್ನ ಮೊದ್ಲು ನೋಡಿದ್ದು ಕನ್ನಡಿಲೇ" ಎಂದರು. ವೆರಿ ರೊಮ್ಯಾಂಟಿಕ್ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, "ಹಿಂದಿಂದ ಓಡ್ಬರೋರು ಯಾರು, ಚಕ್ರದ ಹತ್ರ ಯಾರು ಅಂತ ನೋಡ್ದೆ ಗಾಡಿ ತೆಗೀಬಾರ್ದು" ಎಂದು ಸೇರಿಸಿದರು. ರೊಮ್ಯಾನ್ಸ್ ಅಲ್ಲಿಗೇ ಮುಗಿಯಿತು.

ಈಗ ಅವರಿಗೆ ಗ್ಲಾಕೋಮಾ. ನೋಟವು ಅಂಚಿನಿಂದ ಒಳಕ್ಕೆ ಮುಚ್ಚುತ್ತಾ ಬರುವ ಕಾಯಿಲೆ ಅದು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಸ್ವಲ್ಪ ದಿನ ಕಾಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಹೊಸನಗರದ ನಮ್ಮ ಮನೆಯ ಹಾಲ್‌ನಲ್ಲಿ ಟೀವಿಯ ಎಡಕ್ಕೆ ಕ್ಯಾಲೆಂಡರ್ ಇದೆ, ಬಲಕ್ಕೆ ಗಡಿಯಾರ. ಬೆಳಗಿನ ಕಾಫಿ ಹಿಡಿದು ಕೂತಾಗ, ಕತ್ತು ತಿರುಗಿಸದೆ ಎರಡೂ ಕಾಣುತ್ತವೆಯೇ ಎಂದು ನೋಡಿಕೊಳ್ಳುವುದು ಅವರ ಅಭ್ಯಾಸ. ಬೇಸಿಗೆಯಲ್ಲಿ ಎರಡೂ ಕಾಣುತ್ತಿದ್ದವು.

ಆ ಬೇಸಿಗೆಯಲ್ಲೇ ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಯಾರೋ ಘಟ್ಟದ ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದರು. ಎದುರಿನಿಂದ ಲಾರಿ, ತಿರುವು, ಮಂಜು, ವೈಪರ್.

"ಇದು ಕಂಪ್ಯೂಟರ್ ಆಟವಂತೆ ಮಾರಾಯ್ತಿ. ನಮ್ಮ ಹುಲಿಕಲ್ ಘಾಟಿ ಇದ್ದಂಗೇ ಇದ್ಯಲ್ಲ. ಸ್ಟೇರಿಂಗೂ ಸಿಗ್ತದಂತೆ." ಫೋನನ್ನು ಮಡಿಲಲ್ಲಿಟ್ಟರು. ಆಮೇಲೆ, "ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದು ಟ್ರಿಪ್ ಹೊಡೀಬೇಕು" ಎಂದರು.

ಬದುಕಿನಲ್ಲಿ ನನ್ನಿಂದ ಏನನ್ನೂ ಕೇಳದ ಮನುಷ್ಯ. ಆಫ್ ಕೋರ್ಸ್, ಹೊರಟೆವು.

ಸಾಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವವಳು ನನ್ನ ಹಳೆಯ ವಿದ್ಯಾರ್ಥಿನಿ. ನಾವು ಹೋದ ದಿನ ಅವಳು ಮದುವೆಮನೆಗೆ ಹೋಗಿದ್ದಳು. ಗಲ್ಲಾದಲ್ಲಿ ಅವಳ ಅತ್ತೆ ಕೂತಿದ್ದರು. "ನಂಗೆ ಎಂತದೂ ಗೊತ್ತಾಗಲ್ಲ. ರೇಟಿನ ಚೀಟಿ ಅಂಟ್ಸಿದ್ದು ಇದ್ರೆ ಕೊಡ್ತೀನಿ" ಎಂದರು ಪಾಪ.

"ಬರಿಗೈಲಿ ಎಂತಕ್ಕೆ ಹೋಗೋದು? ಡಬ್ಬ ತಗಂಡು ಹೋಗಣ" ಎಂದರು ಇವರು. "ಮೊದ್ಲು ಚಾಸಿ ಬರ್ಬೇಕು, ಆಮೇಲೆ ಬಾಡಿ. ಬಸ್ಸು ಆಗೋದೇ ಹಂಗೆ."

ಹರೆಯದಲ್ಲಿ ಅವರು ಕಾರ್ಖಾನೆಯಿಂದ ಬರಿಯ ಚಾಸಿಯನ್ನು ಓಡಿಸಿಕೊಂಡು ಬಂದವರು. ಮೇಲೆ ಸೂರಿಲ್ಲ, ಅಕ್ಕಪಕ್ಕ ತಗಡಿಲ್ಲ, ಇಂಜಿನ್ನಿನ ಹಿಂದೆ ಒಂದು ಹಲಗೆಯ ಸೀಟು, ಮುಖಕ್ಕೆ ಕಟ್ಟಿದ ಟವೆಲ್ಲು. ಅದರ ಮೇಲೆ ಉಳಿದದ್ದೆಲ್ಲ ಏರುತ್ತದೆ. ಹಾಗಾಗಿ ಟೀವಿ ಸ್ಟ್ಯಾಂಡಿನ ಪಕ್ಕದಲ್ಲಿ ಕೂರುವಂಥ, ಇದ್ದುದರಲ್ಲೇ ಪುಟ್ಟದಾದ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದೆವು. ಮನೆಯಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೊಸ ಗಾಡಿಗೆ ಮಾಡುವ ಹಾಗೆ ನಿಂಬೆಹಣ್ಣನ್ನೂ ಇಟ್ಟರು. ಚಕ್ರವಿಲ್ಲದ ಕಾರಣ ನಿಂಬೆಹಣ್ಣು ಹಾಗೇ ಉಳಿಯಿತು. ಮಾರನೆಯ ದಿನ ಚಿತ್ರಾನ್ನಕ್ಕೆ ಹಿಂಡಿದೆ.

ಮುಂದಿನ ವಾರ ಹೋದಾಗ ನನ್ನ ವಿದ್ಯಾರ್ಥಿನಿ ಸಿಕ್ಕಳು. ಒಂದೊಂದೇ ಭಾಗವನ್ನು ಮೇಜಿನ ಮೇಲಿಟ್ಟು ತೋರಿಸಿದಳು.

"ಇದು ಇಂಜಿನ್ನಾ?" ಎಂದು ಇವರು ಪ್ರೊಸೆಸರನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು.

"ಅಲ್ಲ ಅಂಕಲ್. ಆಟಕ್ಕೆ ಇಂಜಿನ್ ಅಂದ್ರೆ ಚಿತ್ರ ಬಿಡಿಸೋ ಗ್ರಾಫಿಕ್ಸ್ ಕಾರ್ಡು. ಇದು ಪ್ಯಾಸೆಂಜರ್ರು, ಟ್ರಾಫಿಕ್ಕು, ಟೈಮಿಂಗು ಎಲ್ಲ ನೋಡ್ಕಳ್ತದೆ."

"ಕಂಡಕ್ಟರ್ ಅನ್ನು. ಇಷ್ಟು ಸಣ್ಣ ಕಂಡಕ್ಟರ್ ಆದ್ರೆ ಒಳ್ಳೇದು, ಜಾಗ ಉಳೀತದೆ."

ಮಧ್ಯಮ ದರದ ಪ್ರೊಸೆಸರ್ ಸಾಕು, ಆಟ ತುಂಬಿಡುವ ಎಸ್ಸೆಸ್ಡಿ ದೊಡ್ಡದು ಬೇಡ, ಆದರೆ ಕರೆಂಟು ಹಂಚುವ ಎಸ್ಸೆಂಪಿಎಸ್ ಮಾತ್ರ ಅಗ್ಗದ್ದು ಹಾಕಬಾರದು, ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ ಎಂದಳು. ಉಳಿತಾಯ ಬೇಕಿದ್ದರೆ ಕಾರ್ಡಿನಲ್ಲೇ ಮಾಡಬಹುದು ಎಂದು, ಅಂಗಡಿಯಲ್ಲಿದ್ದ ಒಂದು ಸಾಧಾರಣ ಮಷೀನಿನಲ್ಲಿ ಬಸ್ಸಿನ ಆಟ ಹಾಕಿ ಇವರನ್ನು ಕೂರಿಸಿದಳು.

ಇವರು ರಸ್ತೆಯನ್ನು ನೋಡಲೇ ಇಲ್ಲ. ಎಡಕ್ಕೆ ಬಗ್ಗಿ ಕನ್ನಡಿಯನ್ನು ನೋಡಿದರು. "ಇದು ಎಂತಕ್ಕೆ ಹಿಂಗೆ? ಇಬ್ನಿ ಹಿಡ್ದಂಗೆ."

"ಕನ್ನಡಿಲಿ ಕಾಣೋದನ್ನ ಕಾರ್ಡು ಇನ್ನೊಂದ್ಸಲ ಬೇರೆಯಾಗಿ ಬಿಡಿಸ್ಬೇಕು ಅಂಕಲ್. ಸಣ್ಣ ಕಾರ್ಡಿಗೆ ಭಾರ ಆಗ್ತದೆ, ಅದಕ್ಕೆ ಮಸುಕು ಇಟ್ಟಿದೀನಿ. ಕನ್ನಡಿ ಪೂರ್ತಿ ಆಫ್ ಮಾಡಿದ್ರೂ ಆಟ ಓಡ್ತದೆ."

"ಕನ್ನಡಿ ಆಫ್ ಮಾಡಿ ಬಸ್ ಬಿಡೋದಾ?" ಅವರು ಅವಳನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಬ್ರೇಕಿಲ್ಲದ ಗಾಡಿ ಮಾರಲು ಬಂದವರನ್ನು ನೋಡುವಂಥ ನೋಟ.

ಕಾರ್ಡು ತೀರ್ಮಾನವಾದದ್ದು ಹಾಗೆ, ಕನ್ನಡಿಗಳಿಗಾಗಿ. ಅವಳು ಒಳಗಿನಿಂದ ಮೂರು ಫ್ಯಾನಿನ ಉದ್ದದ ಕಾರ್ಡು ತಂದಳು, ನಾವು ಹೊತ್ತು ತಂದಿದ್ದ ಕುಂಕುಮ ಹಚ್ಚಿದ ಡಬ್ಬದೊಳಗೆ ಹಿಡಿದು ನೋಡಿದಳು. ತುದಿ ಹೊರಗೇ ಉಳಿಯಿತು.

"ಮಿಸ್, ಡಬ್ಬ ಕಡೆಗೆ ತಗಳ್ಬೇಕಿತ್ತು. ದೊಡ್ಡದೊಂದು ತರ್ಸಿ ಕೊಡ್ಲಾ?"

"ಪೂಜೆ ಆಗಿದೆ" ಎಂದರು ಇವರು. "ಉದ್ದ ಮಾಡ್ಸಿದ್ರಾಯ್ತು. ಎಷ್ಟು ಬಸ್ಸಿಗೆ ಮಾಡ್ಸಿಲ್ಲ ನಾವು."

ಅವಳು ನನ್ನ ಮುಖ ನೋಡಿದಳು. ನಾನು ನಕ್ಕೆ. ಅವರ ದನಿಯಲ್ಲಿ ಬಹಳ ಕಾಲದ ಮೇಲೆ ಒಂದು ಅಧಿಕಾರ ಬಂದಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಸಾಗರದ ಹೊರಗೆ ಬಸ್ಸಿನ ಬಾಡಿ ಕಟ್ಟುವ ಶೆಡ್ಡು ಇವರ ಹಳೆಯ ಸ್ನೇಹಿತರದು. ಡಬ್ಬ ಅಲ್ಲಿಗೆ ಹೋಯಿತು. ಶಾಲೆಗಳು ತೆರೆಯುವ ಮುಂಚೆ ಎಲ್ಲ ಬಸ್ಸುಗಳೂ ಆರ್‌ಟಿಓ ಫಿಟ್‌ನೆಸ್ಸಿಗೆಂದು ಅಲ್ಲೇ ಸಾಲು ನಿಂತಿದ್ದವು. ಆಮೇಲೆ ಮಳೆಗೆ ಸೋರುವ ಬಸ್ಸುಗಳು ಬಂದವು. ಅಷ್ಟು ದೊಡ್ಡ ಕೆಲಸಗಳ ನಡುವೆ ಮೊಣಕಾಲೆತ್ತರದ ಡಬ್ಬ ಯಾರ ಕಣ್ಣಿಗೆ ಬೀಳಬೇಕು? ಫೋನ್ ಮಾಡಿದರೆ, "ನಾಳೆ ವೆಲ್ಡಿಂಗ್ ಹಿಡೀತೀನಿ ಮಾರಾಯ" ಎನ್ನುತ್ತಿದ್ದರು. ಅಂಗಡಿಯವಳೂ ಫೋನ್ ಮಾಡುತ್ತಿದ್ದಳು. "ಹೊಸ ಡಬ್ಬ ಬಸ್ಸಿಗೆ ಹಾಕಿ ಕಳಿಸ್ಲಾ ಮಿಸ್?" ನಾನು ಇವರನ್ನು ಕೇಳುವೆ. ಇವರು, "ನಾಳೆ ಕೊಡ್ತಾನಂತೆ" ಎನ್ನುವರು.

ಒಂದು ಬೆಳಿಗ್ಗೆ ಕಾಫಿ ಹಿಡಿದು ಕೂತವರು, "ಇವತ್ತು ತಾರೀಖು ಇಲ್ಲ" ಎಂದರು. ಎಡಗಡೆಯ ಕ್ಯಾಲೆಂಡರ್ ನೋಟದಿಂದ ಹೋಗಿತ್ತು. ನಾನು ಅದನ್ನು ಟೀವಿಯ ಹತ್ತಿರಕ್ಕೆ ಸರಿಸಿ ಮೊಳೆ ಹೊಡೆದೆ. "ಹಂಗೆ ಮಾಡ್ಬ್ಯಾಡ, ಅಳತೆ ತಪ್ತದೆ" ಎಂದು ಮತ್ತೆ ಹಳೆಯ ಜಾಗಕ್ಕೇ ಹಾಕಿಸಿದರು. ಗಡಿಯಾರ ಹೋದ ದಿನ ಗಂಟೆ ಎಷ್ಟು ಎಂದು ನನ್ನನ್ನು ಕೇಳಿದರು, ಅಷ್ಟೆ.

ಗಣಪತಿ ಹಬ್ಬ ಕಳೆದ ಮೇಲೆ ಡಬ್ಬ ಬಂತು. ಮುಂಭಾಗಕ್ಕೆ ತಗಡು ಬೆಸೆದು ಹೊಟ್ಟೆ ಬಂದ ಹಾಗೆ ಉದ್ದ ಮಾಡಿದ್ದರು, ಯಾವುದೋ ಬಸ್ಸಿಗೆ ಹೊಡೆದು ಉಳಿದ ಕೆಂಪು ಬಣ್ಣ ಬಳಿದಿದ್ದರು. ಅಂಗಡಿಯವಳು ತಾನೇ ಬಂದು ಎಲ್ಲವನ್ನೂ ಜೋಡಿಸಿದಳು. ಕಾರ್ಡು ಸಲೀಸಾಗಿ ಕೂತಿತು. ಸ್ಟೇರಿಂಗನ್ನು ಮೇಜಿಗೆ ಬಿಗಿದು, ಇವರ ಕುರ್ಚಿಯನ್ನು ಎದುರಿಗೆ ಎಳೆದೆವು.

ಇಂಜಿನ್ನಿನ ಸದ್ದು ಕೇಳಿದಾಗ ಅವರ ಬೆನ್ನು ತಾನಾಗಿ ನೆಟ್ಟಗಾಯಿತು. ಟೀವಿ ಪರದೆಯಲ್ಲಿ ಜನ ಹತ್ತಿ ಕೂತರು. ಬಾಗಿಲು ಮುಚ್ಚಿತು. ಅವರ ಕೈ ಗೇರಿನ ಮೇಲೆ ಹೋಯಿತು. ಎಡಕ್ಕೆ ಕತ್ತು ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ನೇರ. ಇನ್ನೊಮ್ಮೆ ಎಡಕ್ಕೆ. ಕನ್ನಡಿ ಹುಡುಕಿದರೆ ರಸ್ತೆ ಇಲ್ಲ, ರಸ್ತೆ ನೋಡಿದರೆ ಕನ್ನಡಿ ಇಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿದರೆ ಸ್ಟೇರಿಂಗು ಕೈಗೆ ಸಿಗುತ್ತಿರಲಿಲ್ಲ.

"ಎಡಗಡೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ ರೀ. ರೈಟ್, ಹೋಗಿ."

"ನೀನು ನೋಡಿದ್ರೆ ಆಗಲ್ಲ."

"ಅಂಕಲ್, ಆಟ ಅಲ್ವಾ" ಎಂದಳು ಅವಳು ಮೆಲ್ಲಗೆ. "ಗುದ್ದಿದ್ರೂ ಯಾರಿಗೂ ಎಂತ ಆಗಲ್ಲ."

ಬಸ್ಸು ನಿಂತಲ್ಲೇ ಗುರುಗುಡುತ್ತಿತ್ತು. ಎಡಗಡೆಯ ಕನ್ನಡಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಮರದ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಒಳ್ಳೆಯ ಕಾರ್ಡು. ಅದನ್ನು ನಾನು ನೋಡಿದೆ, ಅವಳು ನೋಡಿದಳು.

ಕೊನೆಗೆ ಅವರು ಗೇರಿನಿಂದ ಕೈ ತೆಗೆದರು. "ಪ್ಯಾಸೆಂಜರ್‌ನೆಲ್ಲ ಇಳ್ಸು" ಎಂದರು ನನಗೆ. "ಹಿಂದೆ ಬರೋ ಬಸ್ಸಿಗೆ ಹತ್ಸು. ಇದು ಹೋಗಲ್ಲ."

ಅವಳು ತೋರಿಸಿದ ಬಟನ್ ಒತ್ತಿದೆ. ಪರದೆಯ ಎಡ ಅಂಚಿನಲ್ಲಿ ಬಾಗಿಲು ತೆರೆಯಿತು. ಯಾರೂ ಏಳಲಿಲ್ಲ. ಆಟದಲ್ಲಿ ಹಾಗೆ ನಡುವೆ ಇಳಿಸುವ ವ್ಯವಸ್ಥೆ ಇಲ್ಲವೇನೋ, ಎಲ್ಲರೂ ಮುಂದೆ ನೋಡುತ್ತಾ ಕೂತೇ ಇದ್ದರು.

"ಎಲ್ರೂ ಇಳಿದ್ರಾ?"

"ಇಳಿದ್ರು" ಎಂದೆ.

ಅವರು ಇಂಜಿನ್ ಆಫ್ ಮಾಡಿದರು.