ಕಾಫಿ ಕುಡಿಯದ ಮಹಡಿ ಮನೆಯವರು

ನನ್ನ ಹೆಂಡತಿ ಕುಸುಮ ಡಿಕಾಕ್ಷನ್ ಇಳಿಸಿ, ಗಟ್ಟಿ ಹಾಲು ಹಾಕಿ, ನೊರೆ ಬರಿಸಿ ತಂದಿಟ್ಟ ಎರಡು ಲೋಟ ಕಾಫಿಯನ್ನು ಬೇಡ ಅಂದರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಯಾರು ಏನೇ ಸಮಾಧಾನ ಹೇಳಲಿ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರು ಕೈಮುಗಿದು, "ನಾವು ಕುಡಿಯಲ್ಲಮ್ಮ, ತಪ್ಪು ತಿಳ್ಕೋಬೇಡಿ" ಅಂದರು. ತಪ್ಪು ತಿಳಿಯದೆ ಇನ್ನೇನು ತಿಳಿಯಲಿ? ನಮ್ಮಪ್ಪ ಹಿನಕಲ್‌ನಿಂದ ಮೈಸೂರಿನ ಯಾದವಗಿರಿಯ ಬಂಗಲೆಗಳಿಗೆ ಹಾಲು ಹಾಕುತ್ತಿದ್ದವನು. ಅವನು ಕರೆದ ಹಾಲು ಅವರ ಅಡುಗೆಮನೆಗೆ ಆಗುತ್ತಿತ್ತು, ಅವನು ಕುಡಿದ ಲೋಟ ಮಾತ್ರ ಕಾಂಪೌಂಡಿನ ಮೂಲೆಯಲ್ಲಿ ಬೋರಲು ಬಿದ್ದಿರುತ್ತಿತ್ತು. ಅದನ್ನು ನೋಡಿ ಬೆಳೆದವನು ನಾನು. ಲೋಟದ ವಿಷಯದಲ್ಲಿ ನನ್ನ ಹತ್ತಿರ ಯಾರೂ ಆಟ ಆಡಬಾರದು.

ಅವರ ಹೆಸರು ವಿಜಯ್‌ಕುಮಾರ್, ಪದ್ಮಾವತಿ. ಅರವತ್ತೈದು ದಾಟಿದ ಗಂಡ ಹೆಂಡತಿ. ಕೋಲಾರದ ಕಡೆಯವರು. ಆತ ಯಾವುದೋ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು, ಆಕೆ ಟೀಚರಮ್ಮ. ಹೆಸರು ನಮ್ಮವೇ, ಸಭೆ ಬೇರೆ. ಮಾರ್ಮನ್ ಅಂತಾರಂತೆ, ಏಸುವಿನವರಲ್ಲೇ ಇನ್ನೊಂದು ಥರದವರು. ಅವರಲ್ಲಿ ವಯಸ್ಸಾದ ಜೋಡಿಗಳು ಮನೆಗೆ ಬೀಗ ಹಾಕಿ, ತಮ್ಮ ಪಿಂಚಣಿಯಲ್ಲೇ ಬೇರೆ ಊರಿಗೆ ಹೋಗಿ, ಒಂದೂವರೆ ವರ್ಷ ಸಭೆಯ ಸೇವೆ ಮಾಡಿ ಬರುವ ರೂಢಿ ಉಂಟು. ಕಾಫಿ, ಟೀ, ಬೀಡಿ, ಬ್ರಾಂದಿ ಯಾವುದೂ ಕೂಡದು. ಇದನ್ನೆಲ್ಲ ಬ್ರೋಕರ್ ರಾಜೇಶ್ ಅವರು ಹೋದ ಮೇಲೆ ಹೇಳಿದ.

"ಕಾಫಿನೂ ಬ್ರಾಂದಿನೂ ಒಂದೇ ಸಾಲಲ್ಲಿ ಇಡೋ ದೇವರು ಯಾವುದಯ್ಯ ಅದು?" ಅಂದೆ.

"ಬಾಡಿಗೆ ಒಂದನೇ ತಾರೀಖೇ ಕೊಡ್ತಾರೆ ಕಣಣ್ಣ."

ಮಹಡಿ ಕೊಟ್ಟೆ.

ಕೆಳಗೆ ಮಲಗಿದರೆ ಅವರ ದಿನವೆಲ್ಲ ನಮಗೆ ಕೇಳುತ್ತಿತ್ತು. ಬೆಳಗಾಗುತ್ತಲೇ ಇಬ್ಬರೂ ಮೊಣಕಾಲೂರುವ ಸದ್ದು. ಆಮೇಲೆ ಒಬ್ಬರು ಓದುವುದು, ಇನ್ನೊಬ್ಬರು ಹೂಂಗುಟ್ಟುವುದು. ಆತ ನೆಲದ ಮೇಲೆ ಕಂಬಳಿ ಮಡಿಸಿ ಬಿಳಿ ಶರಟು ಇಸ್ತ್ರಿ ಮಾಡಿಕೊಂಡು, ಟೈ ಕಟ್ಟಿ, ಎದೆಗೆ ಹೆಸರಿನ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡರೆ, ಆಕೆಯ ಸೀರೆಗೂ ಅಂಥದೇ ಬಿಲ್ಲೆ. ಬಸ್ಸು ಹಿಡಿದು ಸಭೆಯವರ ಮನೆಗಳಿಗೆ ಹೋಗುವುದು, ಕಾಯಿಲೆಯವರನ್ನು ನೋಡುವುದು, ಸಭೆಯ ಹುಡುಗರು ಬಾಡಿಗೆಗಿದ್ದ ರೂಮುಗಳಿಗೆ ಹೋಗಿ ಬಚ್ಚಲು ಉಜ್ಜಿದ್ದಾರೋ ಇಲ್ಲವೋ ಅಂತ ಇಣುಕಿ ಬರುವುದು. ಸೋಮವಾರ ಸಂಜೆ ಎಲ್ಲೂ ಹೋಗುತ್ತಿರಲಿಲ್ಲ. ಇಬ್ಬರೇ ಕೂತು ಹಾಡಿ, ಚೌಕಾಬಾರ ಆಡಿ, ಏನಾದರೂ ಸಿಹಿ ಮಾಡಿಕೊಂಡು ತಿನ್ನುವುದು. ಆಕೆ ಗೆದ್ದರೆ ನಗು ಕೆಳಗಿನವರೆಗೆ ಬರುತ್ತಿತ್ತು.

ಹೊರಗಡೆ ಜನರ ಮುಂದೆ ಆಕೆ ಆತನನ್ನು ಎಲ್ಡರ್ ಅನ್ನುತ್ತಿದ್ದರು, ಆತ ಆಕೆಯನ್ನು ಸಿಸ್ಟರ್ ಅನ್ನುತ್ತಿದ್ದರು. ಅದು ಅವರ ಸಭೆಯ ಪದ್ಧತಿ. ಪಕ್ಕದ ಮನೆ ಚಂದ್ರುಗೆ ಇದು ಸಿಕ್ಕಿಬಿಟ್ಟಿತು.

"ಲೋ ಬಸ್ವರಾಜ, ನಿಮ್ಮ ಮಹಡಿ ಯಜಮಾನ ಹೆಂಡ್ತೀನ ಸಿಸ್ಟರ್ ಅಂತಾನಲ್ಲೋ!"

"ನೀನು ನಿನ್ನ ಹೆಂಡ್ತೀನ ಕರೆಯೋದಕ್ಕಿಂತ ಅದೇ ವಾಸಿ ಕಣೋ."

ಈ ಚಂದ್ರುನಿಂದಲೇ ನನಗೆ ಗ್ರಹಚಾರ ಬಂದದ್ದು. ನಾನು ಗಾರೆ ಕೆಲಸದವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕರಣೆ ಹಿಡಿದೆ. ಕಟ್ಟಡಗಳಿಗೆ ಕಟ್ಟಿದ ಎಂಥೆಂಥ ಸಾರುವೆ ಹತ್ತಿದ್ದೇನೆ, ಒಂದು ದಿನ ಬಿದ್ದವನಲ್ಲ. ಬಿದ್ದದ್ದು ನನ್ನ ಮನೆಯ ಏಣಿಯಿಂದ, ನೀರಿನ ಟ್ಯಾಂಕ್ ತೊಳೆಯಲು ಹತ್ತಿದಾಗ. ಚಂದ್ರುವಿನ ಬಚ್ಚಲ ನೀರು ಮತ್ತೆ ನನ್ನ ಗೇಟಿನ ಮುಂದೆ ಹರಿಯುವುದು ಮೇಲಿಂದ ಕಂಡಿತು. ಹಿಂದಕ್ಕೆ ತಿರುಗಿ ಅವನ ಮೂರು ತಲೆಮಾರು ಬಯ್ಯುವುದರಲ್ಲಿ ಏಣಿ ಜಾರಿತು. ಎರಡೂ ಕೈ ಊರಿ ಬಿದ್ದೆ. ಎರಡೂ ಮಣಿಕಟ್ಟು ಮುರಿಯಿತು. ಬೆರಳ ತುದಿ ಬಿಟ್ಟು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಕುಸುಮ ಕಡಕೊಳದ ಗಾರ್ಮೆಂಟ್ಸಿಗೆ ಹೋಗುವವಳು. ರಜೆ ಇದ್ದಷ್ಟು ದಿನ ಹಾಕಿದಳು, ಆಮೇಲೆ ಕೆಲಸ ಉಳಿಯಬೇಕಲ್ಲ. ಬೆಳಿಗ್ಗೆ ಮುಖ ತೊಳೆಸಿ, ತಿಂಡಿ ತಿನ್ನಿಸಿ, ವ್ಯಾನು ಹತ್ತುವಾಗ, "ಮಧ್ಯಾಹ್ನ ಪದ್ಮಮ್ಮನವರು ಊಟ ಕೊಡ್ತಾರೆ" ಅಂದಳು.

"ಅವರ ಕೈಯಿಂದ ನಾನು ತಿನ್ನಲ್ಲ."

"ಹಂಗಾದ್ರೆ ಚಂದ್ರಣ್ಣನ್ನ ಕಳಿಸ್ಲಾ?"

ಮಧ್ಯಾಹ್ನ ಪದ್ಮಮ್ಮನವರ ಕೈಯಿಂದಲೇ ತಿಂದೆ.

ಊಟದ್ದು ಹೇಗೋ ಆಯಿತು. ಆದರೆ ಮನುಷ್ಯನ ಹೊಟ್ಟೆ ಹೆಂಡತಿಯ ಶಿಫ್ಟು ನೋಡಿಕೊಂಡು ನಡೆಯುತ್ತದೆಯೇ? ಒಂದು ದಿನ, ಹಿಂದಿನ ರಾತ್ರಿ ತಿಂದದ್ದು ಏನಾಯಿತೋ, ಹೊಟ್ಟೆ ಕೆಟ್ಟು ಅವಸರವಾಯಿತು. ಕಕ್ಕಸಿನ ಬಾಗಿಲ ಚಿಲಕ ಹಲ್ಲಲ್ಲಿ ಎಳೆದೆ, ಬರಲಿಲ್ಲ. ಪಂಚೆಯ ಗಂಟು ಬಿಚ್ಚಲಾಗಲಿಲ್ಲ. ಐವತ್ತು ವರ್ಷದ ಗಂಡಸು, ನನ್ನ ಮನೆಯ ನಡುವೆ ನಿಂತು ಪಂಚೆಯಲ್ಲೇ ಮಾಡಿಕೊಂಡೆ. ಗೋಡೆಗೆ ತಲೆ ಚಚ್ಚಿಕೊಳ್ಳುವ ಸದ್ದು ಕೇಳಿ ವಿಜಯ್‌ಕುಮಾರ್ ಇಳಿದು ಬಂದರು. ಹೊರಗೆ ಹೊರಟಿದ್ದರು, ಬಿಳಿ ಶರಟು, ಟೈ, ಬಿಲ್ಲೆ ಎಲ್ಲಾ ಇತ್ತು.

"ಹೋಗ್ರೀ ಆಚೆ!" ಅಂತ ಕೂಗಿದೆ. "ಯಾರ್ರೀ ನಿಮ್ಮನ್ನ ಕರೆದದ್ದು!"

ಅವರು ಹೋಗಲಿಲ್ಲ. ಮೂಗೂ ಮುಚ್ಚಲಿಲ್ಲ. ಟೈ ಎತ್ತಿ ಹೆಗಲ ಹಿಂದಕ್ಕೆ ಹಾಕಿಕೊಂಡರು, ತೋಳು ಮಡಿಸಿದರು, ಬಕೆಟ್ಟಿಗೆ ನೀರು ಬಿಟ್ಟರು. "ನಮ್ಮಪ್ಪನಿಗೂ ಮಾಡಿದ್ದೀನಿ ಬಸವರಾಜು. ನೀವು ಗೋಡೆ ಕಡೆ ನೋಡ್ಕೊಂಡು ನಿಂತ್ಕೊಳಿ."

"ನಾನು ನಿಮ್ಮ ಸಭೆಗೆ ಸೇರಲ್ಲ, ಈಗ್ಲೇ ಹೇಳ್ಬುಟ್ಟಿದ್ದೀನಿ!"

"ಸೇರಿ ಅಂದೋರು ಯಾರು? ಮೊದಲು ಕಾಲೆತ್ತಿ."

ಕಾಲೆತ್ತಿದೆ. ಇನ್ನೇನು ಮಾಡಲಿ? ಗೋಡೆಗೆ ನಾನೇ ಹಾಕಿದ ಗಾರೆಯನ್ನು ನೋಡುತ್ತಾ ನಿಂತೆ. ಮಗುವನ್ನು ತೊಳೆಯುವ ಹಾಗೆ ತೊಳೆದರು. ನೆಲ ತೊಳೆದರು. ಪಂಚೆಯನ್ನೂ ಅವರೇ ಒಗೆದು ಹಿಂದುಗಡೆ ಹರವಿದರು, ಬೀದಿಗೆ ಕಾಣದ ಹಾಗೆ. ನನಗೆ ಕಣ್ಣಲ್ಲಿ ನೀರು ಬಂದದ್ದು ನಾಚಿಕೆಗೆ, ಕೃತಜ್ಞತೆಗೆ ಅಂತ ಸುಳ್ಳು ಬರೆಯಲ್ಲ.

"ಕುಸುಮಂಗೆ ಹೇಳಬೇಡಿ," ಅಂದೆ. "ಯಾರಿಗೂ ಹೇಳಬೇಡಿ. ಈ ಬೀದೀಲಿ ನಾನು ತಲೆಯೆತ್ತಿ ಓಡಾಡ್ಬೇಕು."

"ಹೇಳಲ್ಲ."

ಅವತ್ತಿನಿಂದ ಮಧ್ಯಾಹ್ನ ಅವರು ಎಲ್ಲಿದ್ದರೂ ಮನೆಗೆ ಬರುತ್ತಿದ್ದರು. ಬಾಗಿಲ ಹತ್ತಿರ ನಿಂತು, "ಹೋಗೋಣ್ವಾ?" ಅನ್ನುತ್ತಿದ್ದರು, ಅಂಗಡಿಗೆ ಕರೆಯುವ ಹಾಗೆ. ಕೆಲವು ದಿನ ಬೈದೆ, ಕೆಲವು ದಿನ ಮುಖ ತಿರುಗಿಸಿಕೊಂಡೇ ಎದ್ದು ಹೋದೆ. ಒಂದು ದಿನ ಕೇಳಿದೆ, "ಇದಕ್ಕೂ ನಿಮ್ಮ ಸಭೆಯವರು ಹಾಜರಿ ಹಾಕ್ತಾರಾ?" ಅವರು ನಗುತ್ತಾ, "ಇದನ್ನ ಯಾವ ಕಾಲಮ್ಮಲ್ಲಿ ಬರೀಲಿ ಹೇಳಿ?" ಅಂದರು. ನನಗೂ ನಗು ಬಂತು. ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರ ಮುಖ ನೋಡುವುದೇ ಕಷ್ಟವಾಯಿತು. ಮೆಟ್ಟಿಲ ಸದ್ದು ಕೇಳಿದರೆ ಒಳಗೆ ಹೋಗಿಬಿಡುತ್ತಿದ್ದೆ. ನನ್ನ ಮೈಯೆಲ್ಲ ಕಂಡವರು, ಎದುರಿಗೆ ಬಂದರೆ ನನಗೆ ಶರಟು ಹಾಕಿದ್ದೇನೆ ಅಂತಲೇ ಅನ್ನಿಸುತ್ತಿರಲಿಲ್ಲ. ಹೇಗಾದರೂ ತೀರಿಸಿ ಸರಿಸಮ ಆಗಬೇಕು ಅಂತ ಹಟ. ಒಂದು ತಿಂಗಳ ಬಾಡಿಗೆ ಬೇಡ ಅಂದೆ, "ಮಾತಾಡಿದ್ದು ಮಾತಾಡಿದ್ದೇ" ಅಂತ ಕೊಟ್ಟರು. ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಹಬ್ಬಕ್ಕೆ ಮರಿ ಕಡಿಸಿ, ಬನ್ನಿ ಅಂತ ಎಲೆ ಹಾಕಿಸಿದರೆ, ಆ ಭಾನುವಾರ ಅವರ ಉಪವಾಸವಂತೆ. ತಿಂಗಳಿಗೊಂದು ಭಾನುವಾರ ಹಸಿದುಕೊಂಡು, ಉಳಿದ ಊಟದ ದುಡ್ಡು ಬಡವರಿಗೆ ಕೊಡುತ್ತಾರಂತೆ. ಪದ್ಮಾವತಿಯವರು ಡಬ್ಬಿ ತಂದು, "ಸಾಯಂಕಾಲ ತಿಂತೀವಿ ಕಣಮ್ಮ, ಚಾಪ್ಸು ಜಾಸ್ತಿ ಹಾಕು" ಅಂತ ಕುಸುಮಳ ಹತ್ತಿರ ಹಾಕಿಸಿಕೊಂಡು ಹೋದರು. ಡಬ್ಬಿ ಊಟದಲ್ಲಿ ಋಣ ತೀರುತ್ತದೆಯೇ?

ಅವರು ಊರಿಗೆ ಹೊರಡುವ ವಾರ ವಿಜಯ್‌ಕುಮಾರ್ ತಾವಾಗಿಯೇ ಕೆಳಗೆ ಬಂದು ಕೂತರು. ಟೈ ತುದಿ ಸುತ್ತುತ್ತಿದ್ದರು.

"ಬಸವರಾಜು, ಒಂದು ಕೇಳ್ಲಾ? ಭಾನುವಾರ ನಾನು ಸಭೇಲಿ ನಿಂತು ಮಾತಾಡ್ಬೇಕು. ಹೊರಡೋರೆಲ್ಲ ಮಾತಾಡ್ಬೇಕು. ಜನದ ಮುಂದೆ ನಿಂತ್ರೆ ನನ್ನ ನಾಲಿಗೆ ಒಣಗಿಹೋಗುತ್ತೆ. ಜೀವಮಾನವೆಲ್ಲ ಮಿಷನ್ನಿನ ಮುಂದೆ ನಿಂತೋನು ನಾನು. ನೀವು ಹಿಂದಿನ ಸಾಲಲ್ಲಿ ಸುಮ್ನೆ ಕೂತಿದ್ರೆ ಸಾಕು, ನಿಮ್ಮನ್ನ ನೋಡ್ಕೊಂಡು ಮಾತಾಡಿಬಿಡ್ತೀನಿ."

"ಇಷ್ಟೇನಾ? ಬರ್ತೀನಿ ಬಿಡಿ."

ಎದೆ ಹಗುರಾಯಿತು. ಕೊನೆಗೂ ಈ ಮನುಷ್ಯ ಏನೋ ಒಂದು ಕೇಳಿದರಲ್ಲ.

ಭಾನುವಾರ ಇಸ್ತ್ರಿ ಶರಟು ಹಾಕಿ ಸ್ಕೂಟರ್ ಹತ್ತಿದೆ. ಯಾದವಗಿರಿಯ ಹತ್ತಿರ ಒಂದು ಬಾಡಿಗೆ ಕಟ್ಟಡದಲ್ಲಿ ಅವರ ಸಭೆ. ಬಾಗಿಲಲ್ಲಿ ಬಿಳಿ ಶರಟಿನ ಹುಡುಗನೊಬ್ಬ, "ಬನ್ನಿ ಬ್ರದರ್" ಅಂತ ಕೈ ಚಾಚಿದ. ಒಳಗೆ ವಿಜಯ್‌ಕುಮಾರ್ ಮುಂದೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದರು. ಅವರಿಗೆ ನಾನು ಕಾಣಲಿಲ್ಲ, ಬಿಸಿಲು ನನ್ನ ಬೆನ್ನಿಗಿತ್ತು. ಆಗ ತಲೆಗೆ ಬಂತು: ಸೇವೆ ಮಾಡಿದ ಕಥೆಯನ್ನೇ ಅಲ್ಲವೇ ಇವರು ನಿಂತು ಹೇಳುವುದು? ನನ್ನದನ್ನೇ ಹೇಳಿಬಿಟ್ಟರೆ? ಎಲ್ಲರೂ ಹಿಂದಕ್ಕೆ ತಿರುಗಿ, ಓ ಇವನೇನಾ, ಅಂತ ನೋಡಿದರೆ? ಹೇಳಲ್ಲ ಅಂತ ಮಾತು ಕೊಟ್ಟ ಮನುಷ್ಯ. ಆದರೂ ನನ್ನ ಕಾಲು ಒಳಗೆ ಹೋಗಲಿಲ್ಲ.

"ಗಾಡಿ ನಿಲ್ಲಿಸಿ ಬರ್ತೀನಿ," ಅಂದೆ ಆ ಹುಡುಗನಿಗೆ. ಗಾಡಿ ಆಗಲೇ ನಿಂತಿತ್ತು. ಹತ್ತಿಕೊಂಡು ರಿಂಗ್ ರೋಡ್ ಸುತ್ತಿದೆ.

ಸಂಜೆ ಪದ್ಮಾವತಿಯವರು ಕುಸುಮಳ ಹತ್ತಿರ ಹೇಳುತ್ತಿದ್ದದ್ದು ಒಳಗಿಂದ ಕೇಳಿದೆ. "ಎಲ್ಡರ್ ಎದ್ದು ನಿಂತೋರು ಬಾಯೇ ಬಿಡ್ಲಿಲ್ಲ ಕಣಮ್ಮ. ಹಿಂದಿನ ಸಾಲನ್ನೇ ನೋಡ್ತಾ ನಿಂತುಬಿಟ್ರು. ಆಮೇಲೆ ಮೈಸೂರಿನ ನೀರು ಚೆನ್ನಾಗಿದೆ, ಜನ ಒಳ್ಳೇವ್ರು ಅಂದು ಕೂತ್ಬುಟ್ರು. ಅಷ್ಟೇ."

ಹೊರಡುವ ದಿನ ಅವರ ಟ್ರಂಕು ನಾನೇ ಕಾರಿಗೆ ಹೊತ್ತು ಹಾಕಿದೆ. ಟೈರು ಪಂಕ್ಚರ್ ಆಯಿತು ಅಂತ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಯಾಕೆ ಬರಲಿಲ್ಲ ಅಂತ ಅವರು ಕೇಳಲೇ ಇಲ್ಲ. "ಭಾರ ಎತ್ತಬೇಡಿ, ಮೂಳೆ ಇನ್ನೂ ಹಸಿ," ಅಂದರು.

ಅವರ ನಂಬರ್ ಕುಸುಮಳ ಫೋನಿನಲ್ಲಿದೆ. ಹಬ್ಬಕ್ಕೆ ಅವಳು ಮಾತಾಡುತ್ತಾಳೆ, "ಮಹಡಿ ಯಜಮಾನ್ರು ಕೇಳ್ತಿದ್ದಾರೆ, ಮಾತಾಡಿ" ಅಂತ ನನ್ನ ಕಡೆ ಚಾಚುತ್ತಾಳೆ. ನಾನು ಕೈಯಲ್ಲಿ ಸಿಮೆಂಟ್ ಇದೆ ಅಂತೀನಿ. ಅವರು ನನ್ನನ್ನು ಒಂದೇ ಒಂದು ಕೇಳಿದ್ದರು, ಅರ್ಧ ಗಂಟೆ ಹಿಂದಿನ ಸಾಲಿನಲ್ಲಿ ಕೂರುವುದು. ಅದನ್ನು ನಾನು ಕೊಡಲಿಲ್ಲ. ಈಗ ಕೊಡುತ್ತೇನೆ ಅಂದರೂ ತೆಗೆದುಕೊಳ್ಳಲು ಅವರು ಇಲ್ಲಿಲ್ಲ.