ಅಪ್ಪನ ಪ್ರಿಂಟುಗಳಿಗೆ ಒಂದು ಪೆಟ್ಟಿಗೆ

ಸಿಟ್ಟು ಬಂದಾಗ ಬರೆಯಬಾರದು ಅನ್ನುತ್ತಾರೆ. ಇದು ಆರುವ ಸಿಟ್ಟಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪ ಹೊಸದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಹೊಟ್ಟೆಪಾಡಿಗೆ ಮದುವೆ, ಪಾಸ್‌ಪೋರ್ಟ್ ಸೈಜು. ಮನಸ್ಸಿಗಾಗಿ ತೆಗೆದದ್ದು ಬೇರೆ: ಮಾರಿಕಣಿವೆಯಲ್ಲಿ ಬಲೆ ಬಿಡಿಸುವವರು, ಭೀಮಸಮುದ್ರದಲ್ಲಿ ಅಡಿಕೆ ಸುಲಿಯುವ ಹೆಂಗಸರು, ಮದುವೆಯಾದ ಹೊಸದರಲ್ಲಿ ಬಾಗಿಲ ಬೆಳಕಿಗೆ ಕೂತ ಅವ್ವ. ಎಲ್ಲ ಕಪ್ಪು-ಬಿಳುಪು, ಕತ್ತಲೆ ಕೋಣೆಯಲ್ಲಿ ತಾವೇ ತೊಳೆದದ್ದು. ಅಪ್ಪ ಹೋದ ಮೇಲೆ ಅಣ್ಣ ನೆಗೆಟಿವ್‌ಗಳನ್ನೆಲ್ಲ ಹಳೇ ಫಿಲ್ಮಿನಿಂದ ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಹಾಕಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮಂಗನ ಕೈಯಲ್ಲಿ ಮಾಣಿಕ್ಯ! ಉಳಿದದ್ದು ಆ ಪ್ರಿಂಟುಗಳಷ್ಟೇ. ಹಾಳಾದರೆ ಮತ್ತೆ ಹುಟ್ಟುವಂಥವಲ್ಲ. ಅವನ್ನೂ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆಯೋಣ ಅಂತ ಅವನು ಅಂದಾಗ, ನಾನು ಹಿರಿಯೂರಿನಿಂದ ಬಸ್ಸು ಹತ್ತಿ ಹೋಗಿ ಕಿತ್ತುಕೊಂಡು ಬಂದೆ.

ಅವಕ್ಕೊಂದು ಪೆಟ್ಟಿಗೆ ಹುಡುಕಿ ಚಿತ್ರದುರ್ಗವೆಲ್ಲ ಅಲೆದೆ. ಎಲ್ಲಿ ಹೋದರೂ ಸೀರೆ ಬಾಕ್ಸು, ಸ್ವೀಟ್ ಬಾಕ್ಸು, ಅಂಚಿಗೆ ಜರಿ. ಕೊನೆಗೆ ಪುಸ್ತಕ ಬೈಂಡ್ ಮಾಡುವವರೊಬ್ಬರು ಕೈಯಲ್ಲೇ ಮಾಡಿಕೊಡುತ್ತೇನೆ ಅಂದರು. ಅವರದ್ದೂ ಅದೇ ರಾಗ.

“ಒಳಗೆ ಕೆಂಪು ವೆಲ್ವೆಟ್ ಹಾಕಾಣ ಅಕ್ಕಾರೆ, ಮೇಲೆ ಬಂಗಾರದ ಅಕ್ಷರ. ನೋಡಿದೋರು ದಂಗಾಗ್ಬೇಕು.”

“ನೋಡೋದು ಪೆಟ್ಟಿಗೆನಲ್ಲ ಕಣ್ರಿ, ಒಳಗಿರೋದನ್ನ!” ಅಂಗಡಿಯಲ್ಲೇ ಕೂಗಾಡಿಬಿಟ್ಟೆ.

ವೆಲ್ವೆಟ್ ಬಣ್ಣ ಬಿಡುತ್ತದೆ, ಬೇಡ. ಹುಳ ಬೀಳದಿರಲಿ ಅಂತ ಅಂಟಿಗೆ ಬೆರೆಸುವ ಮೈಲುತುತ್ತ ಪ್ರಿಂಟಿಗೆ ಕೇಡು, ಒಳಗಡೆಗೆ ಬೇಡ. “ಆಮೇಲೆ ಹುಳ ತಿಂದ್ರೆ ನನ್ನ ಕೇಳ್ಬೇಡ್ರಿ” ಅಂದರು. ಕೇಳಲ್ಲ ಅಂದೆ. ಬಣ್ಣ ಹಾಕದ ಕೈಮಗ್ಗದ ಬಟ್ಟೆ ಆರಿಸಿದೆ. ಮುಚ್ಚಳ ಪುಸ್ತಕದ ಹಾಗೆ ತೆರೆಯಬೇಕು, ಪೆಟ್ಟಿಗೆಯ ಮುಂದಿನ ಪಟ್ಟಿ ಕೆಳಕ್ಕೆ ಮಡಚಿ ಮಲಗಬೇಕು. ಆಗ ಉಗುರು ತಾಗಿಸದೆ ಪ್ರಿಂಟನ್ನು ಜಾರಿಸಿಕೊಳ್ಳಬಹುದು. ಮೊದಲನೇ ಪೆಟ್ಟಿಗೆ ಬಿಗಿಯಾಯಿತು, ಜಗಳ ಆಡಿ ವಾಪಸ್ ಕೊಟ್ಟೆ. ಎರಡನೆಯದನ್ನು ನೋಡಿ ಬಾಯಿ ಮುಚ್ಚಿದೆ. ಅಷ್ಟು ಚೆನ್ನಾಗಿತ್ತು.

ಅವ್ವನ ಚಿತ್ರವನ್ನು ಎಲ್ಲಕ್ಕಿಂತ ಮೇಲಿಟ್ಟು, ನಡುನಡುವೆ ತೆಳು ಕಾಗದ ಹಾಕಿ, ಹೊಸದುರ್ಗಕ್ಕೆ ಒಯ್ದು, ನೋಡಬೇಕಾದವಳು ಅವಳೇ ಅಂತ ಅವ್ವನಿಗೇ ಕೊಟ್ಟೆ. ಅವಳಿರುವುದು ಅಣ್ಣನ ಜೊತೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ತೆಗೆದು ನೋಡುತ್ತಾಳೆ ಅಂತ ಅತ್ತಿಗೆ ಫೋನಿನಲ್ಲಿ ಹೇಳಿದ್ದರು.

ಹಿರಿಯರ ಹಬ್ಬಕ್ಕೆ ಹೋದೆ. ನಮ್ಮಲ್ಲಿ ಆ ದಿನ ತೀರಿಕೊಂಡವರ ಬಟ್ಟೆ, ಅವರು ಬಳಸಿದ ವಸ್ತು ಇಟ್ಟು ಎಡೆ ಹಾಕುತ್ತಾರೆ. ಅಪ್ಪನ ಪಂಚೆ, ಕನ್ನಡಕದ ಪಕ್ಕ ನನ್ನ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಪ್ರಿಂಟುಗಳನ್ನು ಸಾಲಾಗಿ ಹರಡಿ, ಅಣ್ಣ ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಒಂದೊಂದಕ್ಕೂ ಎಳೆದಿದ್ದ, ಹಣೆ ಹುಡುಕಿ ಹುಡುಕಿ. ಅಪ್ಪ ಒಂದರಲ್ಲೂ ಇಲ್ಲ. ಬಲೆಯವನಿಗೆ ಹಚ್ಚಿದ್ದ, ಅಡಿಕೆ ಸುಲಿಯುವವರಿಗೆ ಹಚ್ಚಿದ್ದ, ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದ ಅವ್ವನಿಗೂ ಹಚ್ಚಿದ್ದ.

“ಬದುಕಿರೋಳಿಗೆ ಎಡೆ ಇಟ್ಟಿದೀಯಲ್ಲೋ! ತಲೆಯಾಗೆ ಏನೈತೆ ನಿಂಗೆ?”

“ಅಪ್ಪ ಕೈಯಾರೆ ಮಾಡಿದ್ದು ಇವೇ ಅಲ್ವೇನೆ? ಅದಕ್ಕೇ ಎಲ್ಲಾದಕ್ಕೂ ಹಚ್ದೆ” ಅಂದ. ಅವನ ಕಣ್ಣಲ್ಲಿ ನೀರಿತ್ತು. ಅದಕ್ಕೆ ಇನ್ನೂ ಮೈ ಉರಿಯಿತು. ಕೇಡು ಬಗೆದವನಿಗಾದರೆ ಬಾಯ್ತುಂಬ ಬೈಯಬಹುದು, ಭಕ್ತಿಯಿಂದ ಹಾಳು ಮಾಡಿದವನಿಗೆ ಏನು ಮಾಡುವುದು? “ಒರೆಸ್ತೀನಿ ತಾಳು” ಅಂತ, ನಾನು ತಡೆಯುವುದರೊಳಗೆ ಒದ್ದೆ ಟವೆಲ್ಲಿನಿಂದ ಅವ್ವನ ಪ್ರಿಂಟನ್ನು ತಿಕ್ಕಿಬಿಟ್ಟ. ನೆನೆದಿದ್ದ ಚಿತ್ರದ ಪದರ ಸಿಪ್ಪೆ ಬಿಟ್ಟಂತೆ ಎದ್ದು ಬಂತು. ಮುಖ ಹೋಯಿತು. ಉಳಿದವನ್ನು ಅವನ ಕೈಗೆ ಸಿಗದಂತೆ ಎತ್ತಿಕೊಂಡೆ.

ನನ್ನ ಕಿರುಚಾಟ ಕೇಳಿ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ಹೋಗ್ಲಿ ಬಿಡು ತಾಯಿ. ನಾನಿನ್ನೂ ಇದೀನಲ್ಲ.”

ಅವಳ ಮೇಲೂ ರೇಗಿದೆ. “ನೀನು ಇದೀಯವ್ವ. ಅಪ್ಪ ನಿನ್ನ ಹೆಂಗೆ ನೋಡ್ತಿದ್ರು ಅಂತ ತೋರ್ಸಾಕೆ ಇದ್ದಿದ್ದು ಅದೊಂದೇ.”

ಅವ್ವ ಅಲ್ಲೇ ಕೂತಳು. ತನ್ನ ಮುಖವಿದ್ದ ಜಾಗವನ್ನೇ ನೋಡಿದಳು. ಒಳಗೆ ಹೆಂಚಿನ ಮೇಲೆ ಹೋಳಿಗೆ ಸೀದ ವಾಸನೆ ಬಂತು. ಅವಳು ಏಳಲಿಲ್ಲ.