'ಹೋಗ್ರಿ' ಅಂದ ಸೊಸೆ

ಇಳಕಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಶಿವಗಂಗಾಳಿಗೆ ಮಾತೇ ಕಸುಬು. ಆದರೂ ಮನೆಯಲ್ಲಿ ಆಡಬಾರದ ಒಂದು ಮಾತನ್ನು ಆಡಿ ಕೂತಿದ್ದಳು.

ಅತ್ತೆ ಸಿದ್ದವ್ವ ನಾಲ್ಕು ದಿನ ಮಗಳ ಮನೆಯಲ್ಲಿ ಇದ್ದು ಬರಲು ಚೊಳಚಗುಡ್ಡಕ್ಕೆ ಹೊರಟು, ಹೊಸ್ತಿಲಲ್ಲಿ ನಿಂತು ಬರುತ್ತೇನೆಂದು ಹೇಳಿದ್ದಳು. ಸಾಲೆಗೆ ಹೊತ್ತಾಯಿತೆಂದು ತಲೆ ಬಾಚುತ್ತಿದ್ದ ಸೊಸೆ ತಿರುಗಿಯೂ ನೋಡದೆ 'ಹೋಗ್ರಿ' ಅಂದುಬಿಟ್ಟಳು. ನಮ್ಮ ಕಡೆ ಬಳೆಗಾರನಿಗೂ 'ಹೋಗಿ ಬಾ' ಅನ್ನುತ್ತಾರೆ. ಬರೀ 'ಹೋಗು' ಅಂದರೆ ಮತ್ತೆ ಈ ಹೊಸ್ತಿಲು ತುಳಿಯಬೇಡ ಅಂದ ಹಾಗೆ. ಸಿದ್ದವ್ವ ಮೆಟ್ಟಿಲಿಳಿದಳು.

ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾಯಿತು. ಮಗ ಅಮರೇಶ ಫೋನು ಮಾಡಿ ಹೇಗಿದ್ದೀ ಎಂದಾಗಲೆಲ್ಲ ಮೊಣಕಾಲು ನೋವೆನ್ನುತ್ತಿದ್ದಳು. ಅವನು ನಂಬಿದ. ಗಂಡಸರಿಗೆ ಇಂಥದೆಲ್ಲ ಎಲ್ಲಿ ತಿಳಿಯಬೇಕು! ಶಿವಗಂಗಾಳಿಗೆ ತಿಳಿದಿತ್ತು. ಆದರೆ ಬಾಯಿ ತಪ್ಪಿ ಬಂದದ್ದನ್ನು ಇಷ್ಟು ದಿನ ಹಿಡಿದುಕೊಂಡು ಕೂತರೆ ನಾನೇನು ಮಾಡಲಿ ಎಂದು ಅವಳಿಗೂ ಬಿಗುಮಾನ. ಫೋನು ಕೈಗೆ ಬಂದಾಗ ಅವಳೂ ಹೇಗಿದ್ದೀರಿ ಎಂದಷ್ಟೇ ಕೇಳುತ್ತಿದ್ದಳು.

ಒಂದು ದಿನ ತರಗತಿಯಲ್ಲಿ 'ಗೋ' ಎಂಬ ಪದದ ಪಾಠ. ಇವತ್ತು 'ಗೋ' ಇದ್ದದ್ದು ನಿನ್ನೆಗೆ 'ವೆಂಟ್' ಯಾಕಾಗುತ್ತದೆಂದು ಮಕ್ಕಳು ಕೇಳಿದರು. ಅವಳು ಕಥೆ ಮಾಡಿ ಹೇಳಿದಳು. ಹಿಂದೆ 'ಗೋ'ಗೆ ನಿನ್ನೆಯನ್ನು ಹೇಳಲು ತನ್ನದೇ ರೂಪವಿತ್ತು, ಅದು ಬಳಕೆ ತಪ್ಪಿತು. ತಿರುಗು, ಸಾಗು ಎಂಬ ಅರ್ಥದ 'ವೆಂಡ್' ಅಂತ ಇನ್ನೊಂದು ಪದ ಇತ್ತು. ಅದರ 'ವೆಂಟ್' ಬಂದು 'ಗೋ'ದ ಮನೆ ಸೇರಿತು.

ಮುಂದಿನ ಬೆಂಚಿನ ನರ್ಗೀಸ ಎದ್ದು ನಿಂತಳು. "ಟೀಚರ್, ತನ್ನದನ್ನ ಕೊಟ್ಟ ಮ್ಯಾಲ ಆ ವೆಂಡ್ ಏನಾತ್ರಿ?"

ಅದನ್ನೀಗ ಕೇಳುವವರಿಲ್ಲ, ಹಳೆಯ ಪುಸ್ತಕಗಳಲ್ಲಿ ಮೂಲೆ ಹಿಡಿದಿದೆ ಎಂದು ಹೇಳಿದಳು. ಅಡುಗೆಮನೆ, ಬೀಗದ ಕೈ, ಹೆತ್ತ ಮಗ, ಎಲ್ಲವನ್ನೂ ಸೊಸೆಗೆ ಒಪ್ಪಿಸಿದ ಸಿದ್ದವ್ವ ಕಣ್ಣ ಮುಂದೆ ಬಂದಳು. ಶಿವಗಂಗಾಳಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಭಾನುವಾರ ಬಾದಾಮಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೋ ಹಿಡಿದು ಚೊಳಚಗುಡ್ಡ ಮುಟ್ಟಿದಳು. ಸಿದ್ದವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಸೊಸೆ ಚಪ್ಪಲಿ ಬಿಟ್ಟವಳೇ ಕಾಲು ಮುಟ್ಟಿದಳು.

"ಅತ್ತಿ, ಅವತ್ತ ಹೋಗ್ರಿ ಅಂದೆ, ತಪ್ಪಾತ್ರಿ. ಮನಿಗೆ ಬರ್ರಿ."

ಸಿದ್ದವ್ವ ಅವಳನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿಕೊಂಡಳು. ಅವಸರದಲ್ಲಿ ಅಂದದ್ದೆಂದು ತನಗೆ ಅವತ್ತೇ ಗೊತ್ತಿತ್ತು, ಬಸ್ಸು ಹುನಗುಂದ ದಾಟುವುದರೊಳಗೆ ಅದನ್ನು ಮರೆತೂ ಇದ್ದೆ ಎಂದಳು. ಹಾಗಾದರೆ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಸೊಸೆ ಕೇಳಿದಳು.

"ಫೋನಿನಾಗ ಎಲ್ಲಾರೂ ಹೆಂಗದಿ, ಹೆಂಗದಿ ಅಂತ ಕೇಳಿದ್ರಿ," ಅಂದಳು ಸಿದ್ದವ್ವ. "ಬಾ ಅಂತ ಒಬ್ಬರೂ ಅನ್ನಲಿಲ್ಲವ್ವಾ."